ಕೆಳಗಿನ ಸೆಟ್ಟು

ಬಾಯಿ ತೆರೆದು ಕೂತವರ ಮುಖ ನೋಡುವುದು ಅವನಿಗೆ ಇವತ್ತು ನಿನ್ನೆಯ ಕೆಲಸವಲ್ಲ. ಆದರೂ ಈ ಬೆಳಗ್ಗೆ ಗಾಜಿನಂಗಡಿಯ ಯಜಮಾನರು, ಬೀದಿಯ ಬಾಯಲ್ಲಿ ಗಾಜಿನವರು, ಕುರ್ಚಿಗೊರಗಿ ಬಾಯಿ ತೆರೆದಾಗ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಕಣ್ಣು ನೋಡೋಣವೆಂದರೆ ಆ ಕಣ್ಣು ಅವನನ್ನೇ ನೋಡುತ್ತಿತ್ತು. ಹಾಗಾಗಿ ವಸಡು ನೋಡಿದ. ಕೆಳಗಿನ ವಸಡಿನ ಎಡಗಡೆ ಕೆಂಪಗೆ ಒಂದು ಗಾಯ. ಹಲ್ಲಿನ ಸೆಟ್ಟು ಅಲ್ಲೇ ಒತ್ತುತ್ತಿದೆ. ಒತ್ತದೆ ಇನ್ನೇನು ಮಾಡುತ್ತದೆ, ಈ ಮನುಷ್ಯ ಒಂದೇ ವರ್ಷದಲ್ಲಿ ಹೀಗೆ ಇಳಿದುಹೋದರೆ? ಮೈ ಇಳಿದರೆ ವಸಡೂ ಇಳಿಯುತ್ತದೆ, ಅಳತೆಗೆ ಮಾಡಿದ ಹಲ್ಲು ಸಡಿಲವಾಗಿ ಎಲ್ಲೆಲ್ಲೋ ಕೂರುತ್ತದೆ. ಬೀದಿಯಲ್ಲಿ ಒಂದು ವರ್ಷ ಯಾರೂ ಮಾತಾಡಿಸದಿದ್ದರೆ ಯಾರಾದರೂ ಇಳಿಯುತ್ತಾರೆ. ಆ ಮಾತಾಡಿಸದವರಲ್ಲಿ ತಾನೂ ಒಬ್ಬ ಎಂಬುದು ನೆನಪಾಗಿ ಅವನು ಬೇಗ ಬೇಗ ಸೆಟ್ಟನ್ನು ಮತ್ತೆ ಬಾಯಿಗೆ ಕೂರಿಸಿ, ಒತ್ತಿದಲ್ಲಿ ಕಲೆ ಬಿಡುವ ನೀಲಿ ಕಾಗದದ ಚೂರು ಹರಿದು ಹಲ್ಲುಗಳ ನಡುವೆ ಇಟ್ಟು, "ಕಚ್ಚಿ" ಎಂದ. ಗಾಜಿನವರು ಕಚ್ಚಿದರು, ಶಾಲೆಯ ಮಗುವಿನಷ್ಟು ವಿಧೇಯವಾಗಿ. ಸೆಟ್ಟು ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಒಂದು ದವಡೆಹಲ್ಲಿನ ಮೇಲೆ ನೀಲಿ ಕಲೆ ದಟ್ಟವಾಗಿ ಕೂತಿತ್ತು. "ನೋಡಿ, ತೊಂದರೆ ಇರೋದು ಇಲ್ಲೇ" ಎಂದ. ಅಷ್ಟು ಹೇಳಿದ್ದಕ್ಕೇ ಅವನಿಗೆ ಹಾಯೆನಿಸಿತು. ತೊಂದರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಾದ ಕೆಲಸ ಎಷ್ಟು ಒಳ್ಳೆಯದು.

ಹೊರಗೆ ಮೈಕಿನ ಗಾಡಿ ಬೀದಿಗೆ ತಿರುಗಿತು. ಕೆಲವು ದಿನಗಳಿಂದ ಬಿಡದೆ ಬರುತ್ತಿರುವ ಗಾಡಿ. ಅದರಲ್ಲಿ ಯಾರೂ ಕೂಗುವುದಿಲ್ಲ, ಗದರುವುದಿಲ್ಲ. ಒಂದು ಹೆಂಗಸಿನ ದನಿ, ಕಾಯಿಲೆಯ ಮಗುವಿಗೆ ಔಷಧಿ ಕುಡಿಸುವಷ್ಟು ಮೆತ್ತಗೆ ಹೇಳುತ್ತದೆ: "ನಿಮ್ಮ ಪಕ್ಕದವರು ಕಂದಾಯ ಕಟ್ಟಿಯಾಯಿತು. ನೀವು?" ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದೇ. ಇವತ್ತು ಅದಕ್ಕೊಂದು ಬಾಲ ಸೇರಿತ್ತು: "ಇಂದು ಸಂಜೆ ಐದಕ್ಕೆ ಕೌಂಟರ್ ಮುಚ್ಚುತ್ತದೆ. ಅನಂತರ ಬಾಕಿದಾರರ ಅಂಗಡಿಗೆ ಬೀಗ, ಸಾಮಾನು ಜಪ್ತಿ." ಅದನ್ನೂ ಅದೇ ಔಷಧಿಯ ದನಿಯಲ್ಲಿ. ಎದುರಿನ ಕಬ್ಬಿಣದಂಗಡಿಯ ಮೆಟ್ಟಿಲ ಮೇಲೆ ನಿಂತು ದೊಡ್ಡಣ್ಣ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ: "ಪಕ್ಕದವರಂತೆ! ನನ್ನ ಪಕ್ಕದಲ್ಲಿರೋದು ಬರೀ ಗೋಡೆ ಕಣ್ರೀ. ಅದು ಯಾವಾಗ ಎದ್ದು ಹೋಗಿ ಕಟ್ಟಿಬಂತು?" ಬೀದಿ ನಕ್ಕಿತು. ಬಾಗಿಲಾಚೆ ಟೈಲರಕ್ಕ ಹೊಲಿಗೆಯಂತ್ರ ನಿಲ್ಲಿಸಿ ನಕ್ಕಳು. ಅವನೂ ನಕ್ಕ. ದೊಡ್ಡಣ್ಣ ಯಾರಿಗೂ ಒಡಹುಟ್ಟಿದವನಲ್ಲ, ಆದರೆ ಅವನು ನಕ್ಕಾಗ ನಗದೆ ಇರುವುದು ಹೇಗೆಂದು ಈ ಬೀದಿಯಲ್ಲಿ ಯಾರೂ ಕಲಿತಿರಲಿಲ್ಲ. ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕವರು ಗಾಜಿನವರು.

ನಗಲೇಬೇಕು ಪಾಪ. ಒಂದು ವರ್ಷದ ಮೇಲೆ ಸಿಕ್ಕ ನಗು. ಹೋದ ವರ್ಷ ಕಂದಾಯ ದುಪ್ಪಟ್ಟು ಮಾಡಿದಾಗ ಯಾರೂ ಕಟ್ಟುವುದು ಬೇಡವೆಂದು ಬೀದಿ ತೀರ್ಮಾನಿಸಿದ್ದು ದೊಡ್ಡಣ್ಣನ ಅಂಗಡಿಯಲ್ಲೇ, ಮೊಳೆ ತೂಗುವ ತಕ್ಕಡಿಯ ಮುಂದೆ. ಇಲ್ಲಿ ಏನೇ ಒಪ್ಪಂದವಾದರೂ ಹಾಗೆಯೇ. ಸಹಿಯಿಲ್ಲ, ಆಣೆಯಿಲ್ಲ, ಒಬ್ಬೊಬ್ಬರೂ ತಮ್ಮ ಅಂಗಡಿಯ ಬೀಗದ ಕೈ ತಂದು ತಕ್ಕಡಿಯ ತಟ್ಟೆಯಲ್ಲಿ ಇಡುತ್ತಾರೆ. ಕೊನೆಯ ಕೀಲಿ ಬಿದ್ದಾಗ ತಟ್ಟೆ ಠಣ್ಣೆಂದು ಕೆಳಗೆ ಕೂರುತ್ತದೆ, ಆಮೇಲೆ ಅವರವರ ಕೀಲಿ ಅವರವರು ಎತ್ತಿಕೊಂಡು ಹೋಗುತ್ತಾರೆ. ಅವತ್ತು ಗಾಜಿನವರೂ ಕೀಲಿ ಹಿಡಿದು ಬಂದಿದ್ದರು. "ನಾನು ಮೊನ್ನೇನೇ ಕಟ್ಟಿಬಿಟ್ಟೆ ಕಣಯ್ಯಾ, ಪ್ರತಿ ವರ್ಷದ ಅಭ್ಯಾಸ. ಮುಂದಿನ ಸಲದಿಂದ ನಾನೂ ನಿಮ್ಮ ಜೊತೆ" ಎಂದರು, ತಪ್ಪೇನೂ ಮಾಡದವರು ಮಾತಾಡುವ ಹಾಗೆ. ದೊಡ್ಡಣ್ಣ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟ. "ನಿಮ್ಮದು ಬೇಡ ಬಿಡಿ" ಎಂದ. ಅಷ್ಟೇ. ಇವರ ಜೊತೆ ಮಾತು ಬಿಡಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಮರುದಿನ ಟೀ ಮಾರುವವನ ಕೆಟಲು ಗಾಜಿನಂಗಡಿಯ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಅಂಗಡಿಯ ಮುಂದಿನ ಬೆಂಚು, ಬೀದಿಯೆಲ್ಲ ಸಂಜೆ ಕೂರುತ್ತಿದ್ದ ಬೆಂಚು, ಧೂಳು ಹಿಡಿಯಿತು. ಗಾಜಿನವರು ನಮಸ್ಕಾರ ಎಂದರೆ ಜನ ಆಕಾಶ ನೋಡಿದರು. ಅವನ ಮನೆಯ ಕಿಟಕಿಯ ಗಾಜು ಒಡೆದದ್ದೂ ಆಗಲೇ. ಹೊಸ ಗಾಜನ್ನು ಅವನು ಆಚೆ ಪೇಟೆಯಿಂದ ತಂದ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಬೇರೆ ದಾರಿ ಇಲ್ಲದೆ ಗಾಜಿನವರ ಅಂಗಡಿಯ ಮುಂದೆಯೇ. ಗಾಜು ಕೊರೆಯುತ್ತಿದ್ದ ಅವರು ತಲೆ ಎತ್ತಿದರು. ಬೆಡ್‌ಶೀಟಿನೊಳಗೆ ಏನಿದೆಯೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? "ಹುಷಾರು, ಅಂಚು ಕೈ ಕುಯ್ಯತ್ತೆ" ಎಂದರು. ಅವನು ಉತ್ತರ ಕೊಡಲಿಲ್ಲ. ಥೂ, ಒಂದು "ಹ್ಞೂಂ" ಅಂದಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಟೈಲರಕ್ಕ ನೋಡುತ್ತಿದ್ದಳು.

ಈ ವರ್ಷ ಮತ್ತೆ ತಕ್ಕಡಿಯ ಮುಂದೆ ಸೇರಿದಾಗ ಗಾಜಿನವರು ಬಾಗಿಲಲ್ಲೇ ನಿಂತಿದ್ದರು. ದೊಡ್ಡಣ್ಣ ಬಹಳ ಹೊತ್ತು ಅವರನ್ನು ನಿಲ್ಲಿಸಿ, ಆಮೇಲೆ "ಬನ್ನಿ, ನಿಮ್ಮದೂ ಹಾಕಿ" ಎಂದ. ಅವರ ಕೀಲಿಯೇ ಕೊನೆಯದಾಯಿತು. ತಟ್ಟೆ ಠಣ್ಣೆಂದಾಗ ಅಷ್ಟು ವಯಸ್ಸಾದ ಮನುಷ್ಯ ಎಲ್ಲರೆದುರು ಕಣ್ಣೊರೆಸಿಕೊಂಡರು. ಈಗ ಅದೇ ಕಣ್ಣು ಕುರ್ಚಿಯಿಂದ ಅವನನ್ನು ನೋಡುತ್ತಿತ್ತು.

"ಡಾಕ್ಟ್ರೇ" ಎಂದರು. ಅವನು ಡಾಕ್ಟರನಲ್ಲ, ಡಾಕ್ಟರರು ಅಳತೆ ಕಳಿಸಿದರೆ ಹಲ್ಲು ಮಾಡುವವನು. ಬೀದಿ ಅವನನ್ನು ಹಾಗೆ ಕರೆಯುವುದು ಅರ್ಧ ತಮಾಷೆಗೆ; ಗಾಜಿನವರೊಬ್ಬರೇ ತಮಾಷೆಯಿಲ್ಲದೆ ಕರೆಯುವವರು. "ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳಿ."

"ನೀವು ಕಟ್ಟಿಲ್ಲ ಅಲ್ವಾ?"

ಕೈಯಲ್ಲಿದ್ದ ಸೆಟ್ಟು ಒದ್ದೆಯಾಗಿತ್ತು, ಇನ್ನೂ ಬೆಚ್ಚಗಿತ್ತು.

"ನಂಬಿಕೆ ಇಲ್ಲ ಅಂತಲ್ಲ ಮತ್ತೆ" ಎಂದು ಗಾಜಿನವರೇ ಗಡಿಬಿಡಿಯಲ್ಲಿ ಮುಂದುವರಿಸಿದರು. "ಮಗಳು ನಿನ್ನೆಯಿಂದ ಒಂದೇ ಸಮ ತಲೆ ತಿಂತಿದಾಳೆ. ಅಪ್ಪಾ, ಹೋದ ಸಲ ಕಟ್ಟಿ ಒಂಟಿಯಾದೆ, ಈ ಸಲ ಕಟ್ಟದೆ ಒಂಟಿಯಾಗ್ತೀಯ ನೋಡು ಅಂತಾಳೆ. ದುಡ್ಡು ಅವಳೇ ಜೇಬಿಗೆ ತುರುಕಿ ಕಳಿಸಿದಾಳೆ." ಅಂಗಿಯ ಜೇಬು ಮುಟ್ಟಿ ತೋರಿಸಿದರು. ಜೇಬು ಉಬ್ಬಿತ್ತು. "ಈಗ ನಾನೊಬ್ಬ ಕಡೇ ಗಳಿಗೇಲಿ ಓಡಿಹೋಗಿ ಕಟ್ಟಿ, ಮತ್ತೆ ಎಲ್ಲರ ಕಣ್ಣಲ್ಲಿ ಕೆಟ್ಟೋನಾಗ್ಲಾ? ಇನ್ನೊಂದು ವರ್ಷ ಹಾಗೆ ಬದುಕೋಕೆ ನನ್ನ ಕೈಲಾಗಲ್ಲ ಡಾಕ್ಟ್ರೇ. ಬೇರೆ ಯಾರನ್ನೂ ಕೇಳೋಕೆ ಧೈರ್ಯ ಇಲ್ಲ. ನೀವೊಬ್ಬರು ಹೇಳಿದ್ರೆ ಸಾಕು."

ಆಗ ಅವನಿಗೆ ಗೊತ್ತಾಯಿತು. ಇಡೀ ಬೀದಿಯಲ್ಲಿ ಕಟ್ಟದೆ ಉಳಿದಿರುವ ಆ ಒಬ್ಬರು ಇವರೇ.

"ಇಲ್ಲಪ್ಪ" ಎಂದ. "ನಾನೆಲ್ಲಿ ಕಟ್ಲಿ."

ಗಾಜಿನವರ ಭುಜ ಇಳಿಯಿತು, ಹೊತ್ತ ಮೂಟೆಯನ್ನು ನೆಲಕ್ಕಿಟ್ಟವರ ಹಾಗೆ. "ಅದೇ ಅಂದೆ ನಾನೂ ಅವಳಿಗೆ" ಎಂದರು. ಸೆಟ್ಟನ್ನು ಅಲ್ಲೇ ಬಿಟ್ಟು, ಸಂಜೆಯೊಳಗೆ ತಂದುಕೊಡುತ್ತೇನೆಂದು ಅವನಿಂದ ಹೇಳಿಸಿಕೊಂಡು, ಬಾಯಿಗೆ ಟವೆಲು ಅಡ್ಡ ಹಿಡಿದು ಬೀದಿ ದಾಟಿ ಹೋದರು. ನಡಿಗೆಯಲ್ಲಿ ಒಂದು ಹಗುರವಿತ್ತು.

ಉಜ್ಜುವ ಯಂತ್ರ ಹಾಕಿದ. ಅದರ ಸದ್ದಿನಲ್ಲಿ ಯಾವ ಮಾತೂ ಕೇಳುವುದಿಲ್ಲ, ಅದು ಅದರ ದೊಡ್ಡ ಗುಣ. ಆದರೆ ಕಂದಾಯದ ಆಫೀಸಿನ ಗುಮಾಸ್ತನ ಮಾತು ಕೇಳಿಸಿತು. ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ತರುತ್ತೇನೆಂದು ಹೇಳಿ, ಗಾಡಿ ಬರತೊಡಗಿದ ಮೇಲೆ ಒಂದು ಮಧ್ಯಾಹ್ನ ತಾನೇ ಆ ಆಫೀಸಿಗೆ ಹೋಗಿದ್ದ. ಕೈಯಲ್ಲಿ ಖಾಲಿ ಚೀಲ ಕೂಡ ಇತ್ತು, ಯಾರಾದರೂ ನೋಡಿದರೆ ತೋರಿಸಲು. ಯಾಕೆ ಹೋದ? ದಂಡಕ್ಕೆ ಹೆದರಿಯೇ? ಹಾಗಿದ್ದರೆ ಮೊದಲನೇ ದಿನವೇ ಹೋಗಬೇಕಿತ್ತು. ರಸ್ತೆ, ದೀಪ, ಚರಂಡಿಗೆ ನಾಲ್ಕು ಕಾಸು ಕೊಡುವುದು ನ್ಯಾಯವೆಂದೇ? ಅದನ್ನು ಯೋಚಿಸಿದ ನೆನಪೇ ಇಲ್ಲ. ಗಾಡಿಯ ದನಿ ರಾತ್ರಿ ಹಾಸಿಗೆಯಲ್ಲೂ ಕಿವಿಯೊಳಗೆ ಕೂತು "ನೀವು?" ಎನ್ನುತ್ತಿತ್ತು. ಎಲ್ಲರೂ ಕಟ್ಟಿ ಮುಗಿಸಿ ಬಾಗಿಲು ಹಾಕಿಕೊಂಡು, ತಾನೊಬ್ಬ ಬೀದಿಯ ನಡುವೆ ನಿಂತಿರುವಂತೆ ಅನ್ನಿಸುತ್ತಿತ್ತು. ಕಟ್ಟಬೇಡಿ ಎಂದು ಎಲ್ಲರೂ ಅಂದರು, ಕಟ್ಟಲಿಲ್ಲ. ಎಲ್ಲರೂ ಕಟ್ಟಿದರು ಎಂದು ಗಾಡಿ ಅಂದಿತು, ಹೋಗಿ ಕಟ್ಟಿದ. ಎರಡರಲ್ಲೂ ತಾನು ಎಲ್ಲಿದ್ದೆನೆಂದು ಹುಡುಕಿದರೆ ಸಿಗುವುದಿಲ್ಲ. ಗುಮಾಸ್ತ ಮುಖ ಕೂಡ ಎತ್ತಲಿಲ್ಲ. "ಓ, ಆ ಬೀದಿಯವರಾ? ಕೊನೆಗೂ ಬಂದ್ರಲ್ಲ. ನಿಮ್ಮದು ಕಳೆದ್ರೆ ಇನ್ನಿಬ್ಬರೇ ನೋಡಿ ಅಲ್ಲಿ ಉಳಿದಿರೋದು" ಎಂದ. ಇನ್ನಿಬ್ಬರೇ! ಹಾಗಾದರೆ ಠಣ್ಣೆಂದ ಆ ಕೀಲಿಗಳೆಲ್ಲ? ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಟೈಲರಕ್ಕ ಎದುರಾದಳು, ಬಿಸಿಲಿಲ್ಲದಿದ್ದರೂ ಛತ್ರಿಯನ್ನು ಮುಖದ ಮೇಲೆ ಎಳೆದುಕೊಂಡು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಲಿಲ್ಲವೆಂದು ಇಬ್ಬರೂ ಒಟ್ಟಿಗೇ ತೀರ್ಮಾನಿಸಿದ್ದರು. ಮರುದಿನ ಅವಳು ಯಂತ್ರದ ಮುಂದೆ ಕೂತು ಬೀದಿಗೆ ಕೇಳುವ ಹಾಗೆ, "ಏನ್ ಡಾಕ್ಟ್ರೇ, ಗಟ್ಟಿಯಾಗಿದೀರಾ?" ಎಂದಿದ್ದಳು. "ಬಂಡೆ ಬಂಡೆ!" ಎಂದು ಅವನೂ ಕೂಗಿದ್ದ. ಉಳಿದ ಒಬ್ಬ ದೊಡ್ಡಣ್ಣನೇ ಇರಬೇಕು ಎಂದುಕೊಂಡಿದ್ದ. ದೊಡ್ಡಣ್ಣನೇ ಆಗಲಿ ಎಂದು ಆಸೆಪಟ್ಟಿದ್ದ. ಅವನಿಗಾದರೆ ಶಕ್ತಿಯಿದೆ, ಬಾಯಿಯಿದೆ, ಕಬ್ಬಿಣವಿದೆ.

ಊಟಕ್ಕೆ ಒಳಗೆ ಹೋದಾಗ ಹೆಂಡತಿ ತಟ್ಟೆ ಇಟ್ಟು ಎದುರಿಗೇ ನಿಂತಳು. ಅಂಗಡಿಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಪರದೆ. ಅವಳಿಗೆ ಎಲ್ಲ ಕೇಳಿಸಿತ್ತು. "ಯಾಕ್ರೀ ಹಾಗೆ ಹೇಳಿದ್ರಿ?" ಎಂದಳು.

"ಹೇಗೆ?"

"ಗೊತ್ತಿಲ್ಲದವರ ಹಾಗೆ ಆಡಬೇಡಿ. ಆ ಮನುಷ್ಯ ಜೇಬಲ್ಲಿ ದುಡ್ಡಿಟ್ಕೊಂಡು ಬಂದಿದ್ರು. ಹೌದು, ಕಟ್ಟಿದೀನಿ ಅಂದಿದ್ರೆ ಇಷ್ಟು ಹೊತ್ತಿಗೆ ಹೋಗಿ ಬಂದೂ ಬಿಡೋರು."

"ಅಂದಿದ್ರೆ ಅವರು ಸುಮ್ನಿರ್ತಿದ್ರಾ? ನಾಳೆ ಬೀದಿಗೆಲ್ಲ ಗೊತ್ತಾಗೋದು. ಆಮೇಲೆ ನಮ್ಮ ಬಾಗಿಲಿಗೆ ಒಬ್ಬ ಟೀ ಕೂಡ ತರಲ್ಲ."

"ಟೀ ನಾನು ಮಾಡಿಕೊಡ್ತೀನಿ" ಎಂದಳು.

ಅವನಿಗೆ ರೇಗಿತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ರೇಗಿತು. ಅವಳಿಗೇನು, ಒಳಗೆ ಇರುವವಳು, ಬೆಳಗ್ಗೆ ಬಾಗಿಲು ತೆರೆದು ಎದುರಿನ ಮುಖಗಳನ್ನು ನೋಡಬೇಕಾದವನು ತಾನು ಎಂದುಕೊಂಡು ಅನ್ನ ಕಲಸಿದ. ಹಾಗೆ ಅಂದುಕೊಂಡಾಗಲೇ ನೆನಪಾಯಿತು: ಹೋದ ವರ್ಷವೆಲ್ಲ ಅವಳು ಹಿತ್ತಲ ಬಾಗಿಲಿನಿಂದ ಗಾಜಿನವರ ಮಗಳ ಜೊತೆ ಮಾತಾಡುತ್ತಲೇ ಇದ್ದಳು. ಅವನಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದ. "ಸಂಜೆ ಸೆಟ್ಟು ಕೊಡೋಕೆ ಹೋಗ್ತೀನಲ್ಲ, ಆಗ ಹೇಳ್ತೀನಿ ಬಿಡು" ಎಂದ. "ಸಂಜೆ ಅಂದ್ರೆ ಐದರ ಒಳಗೆ" ಎಂದಳು ಅವಳು. "ಗೊತ್ತು ಮಾರಾಯ್ತಿ, ನಂಗೂ ಗಡಿಯಾರ ನೋಡೋಕೆ ಬರತ್ತೆ." ಅವಳು ಮಜ್ಜಿಗೆಯ ಲೋಟವನ್ನು ಸ್ವಲ್ಪ ಜೋರಾಗಿ ಇಟ್ಟಳು.

ಸೆಟ್ಟಿನ ಕೆಲಸ ಹತ್ತು ನಿಮಿಷದ್ದು. ಎತ್ತರವಾಗಿದ್ದ ಹಲ್ಲು ತುಸು ಉಜ್ಜಿ, ಗುಲಾಬಿ ಅಂಚನ್ನು ಸವರಿ, ಪಾಲಿಶ್ ಹಿಡಿದರೆ ಮುಗಿಯಿತು. ಅವನು ಅದನ್ನೇ ಎಳೆದ. ಅಂಚಿಗೆ ಮತ್ತೆ ಪಾಲಿಶ್ ಕೊಟ್ಟ. ಅಚ್ಚಿನ ಮೇಲೆ ಕೂರಿಸಿ ನೋಡಿದ, ತೆಗೆದ, ತೊಳೆದ. ಬೇರೊಬ್ಬರ ಕೆಳದವಡೆ ಅಂಗೈಯಲ್ಲಿ ಕೂತು ಅವನನ್ನು ನೋಡಿ ನಗುತ್ತಿತ್ತು. ಹೇಳುವುದೇನು ಮಹಾ? "ನೋಡಿ, ಬೆಳಗ್ಗೆ ಸುಳ್ಳು ಹೇಳಿದೆ, ನಾನು ಕಟ್ಟಿದೀನಿ, ಎಲ್ಲರೂ ಕಟ್ಟಿದಾರೆ, ಓಡಿ." ಒಂದು ಉಸಿರಿನ ಮಾತು. ಆದರೆ ಮೊದಲ ಪದ ಬಾಯಿಗೆ ಬರುವ ಹೊತ್ತಿಗೆ ಗಾಜಿನವರ ಮುಖದಲ್ಲಿ ಏನಾಗುತ್ತದೆಂದು ಕಾಣುತ್ತಿತ್ತು. ಅವರು ಬೈಯುವುದಿಲ್ಲ. ಅವರು "ಓಹೋ, ಹೌದಾ" ಎನ್ನುತ್ತಾರೆ, ಬೆಡ್‌ಶೀಟಿನಲ್ಲಿ ಸುತ್ತಿದ ಗಾಜನ್ನು ನೋಡಿದಾಗ ಅಂದ ದನಿಯಲ್ಲೇ. ಅದನ್ನು ಎದುರಿಸುವುದಕ್ಕಿಂತ ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಬೇರೆ ಯಾರಾದರೂ ಹೇಳಬಾರದೇ? ಟೈಲರಕ್ಕ ಹೇಳಬಹುದಲ್ಲ, ಅವಳ ಬಾಯಿಗೇನು ಬೀಗವೇ? ಎಲ್ಲರ ಅಂಗಡಿಯಲ್ಲೂ ಈ ಹೊತ್ತು ಎಲ್ಲರೂ ಹೀಗೇ ಬೇರೆ ಯಾರಾದರೂ ಹೇಳಲಿ ಎಂದು ಕೆಲಸ ಎಳೆಯುತ್ತಿರಬಹುದು. ಆ ಯೋಚನೆ ಬಂದಾಗ ಬೀದಿ ಯಾಕೆ ಇಷ್ಟು ಸುಮ್ಮನಿದೆ ಎಂದು ಅವನಿಗೆ ತಿಳಿಯಿತು. ಹೊಲಿಗೆಯಂತ್ರ ನಿಂತಿತ್ತು. ಕಬ್ಬಿಣದ ಸದ್ದಿಲ್ಲ. ಸೆಟ್ಟನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಜೇಬಿಗಿಳಿಸಿ ಎದ್ದ. ಇನ್ನೂ ಹೊತ್ತಿತ್ತು. ಆಫೀಸು ದೂರವೇನಲ್ಲ, ಗಾಜಿನವರು ಬಿರುಸಾಗಿ ನಡೆದರೆ ತಲುಪುತ್ತಿದ್ದರು.

ಗಾಜಿನಂಗಡಿಯ ಮುಂದಿನ ಬೆಂಚಿನ ಮೇಲೆ ದೊಡ್ಡಣ್ಣ ಕೂತಿದ್ದ.

ಒಂದು ವರ್ಷದ ಮೇಲೆ ಆ ಬೆಂಚಿನ ಮೇಲೆ ಒಬ್ಬ ಮನುಷ್ಯ. ಟೀ ಮಾರುವವನ ಕೆಟಲು ಅಲ್ಲೇ ನೆಲದ ಮೇಲಿತ್ತು. ಗಾಜಿನವರು ಅಂಗಡಿಯೊಳಗಿನ ಕನ್ನಡಿಗಳಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು, ಹಲ್ಲಿಲ್ಲದ ಬಾಯಿಯಲ್ಲಿ ಟೀ ಹೀರುತ್ತ ಏನೋ ಹಳೆಯ ಕಥೆ ಹೇಳುತ್ತಿದ್ದರು, ಮದುವೆಮನೆಯ ಹುಮ್ಮಸ್ಸಿನಲ್ಲಿ. "ಬನ್ನಿ ಬನ್ನಿ ಡಾಕ್ಟ್ರೇ, ನಿಮಗೂ ಒಂದು ಟೀ. ಇವತ್ತು ನನ್ನ ಲೆಕ್ಕ" ಎಂದರು. ದೊಡ್ಡಣ್ಣ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಕೈ ತಟ್ಟಿದ. "ಕೂತ್ಕೊಳ್ಳಿ." ಅವನು ನಿಂತೇ ಇದ್ದ. "ಇವರ ಹತ್ರ ಒಂದು ನಿಮಿಷ ಮಾತಾಡೋದಿತ್ತು" ಎಂದ. ಎಂದೇಬಿಟ್ಟ, ಅಷ್ಟು ಧೈರ್ಯ ಎಲ್ಲಿಂದ ಬಂತೋ. ದೊಡ್ಡಣ್ಣ ತಲೆ ಎತ್ತಿ ಅವನನ್ನು ನೋಡಿದ. ಕೋಪವಿಲ್ಲದ, ತೂಕ ನೋಡುವ ಕಣ್ಣು. ಆ ಕಣ್ಣಿಗೆ ಎಲ್ಲ ಗೊತ್ತಿತ್ತು: ಯಾರು ಕಟ್ಟಿದ್ದಾರೆ, ಯಾರು ಕಟ್ಟಿಲ್ಲ, ಜೇಬಿನಲ್ಲಿ ಡಬ್ಬಿಯಿಟ್ಟುಕೊಂಡು ಬಂದ ಇವನು ಏನು ಹೇಳಲು ಬಂದಿದ್ದಾನೆ, ಎಲ್ಲ. "ಹೇಳಿ ಡಾಕ್ಟ್ರೇ, ನಮ್ಮ ಮುಂದೆ ಹೇಳಬಾರದ್ದು ಏನಿದೆ?" ಎಂದ. "ಬೀದೀಲಿ ಗುಟ್ಟು ಅಂತ ಶುರುವಾದ್ರೆ ಒಬ್ಬೊಬ್ಬರದ್ದೂ ಹೊರಗೆ ಬರತ್ತೆ, ಅಲ್ವಾ?"

ಅವನು ಕೂತ. ಟೀ ಕೈಗೆ ಬಂತು. ಕುಡಿಯುತ್ತ ಅರ್ಥವಾಯಿತು, ದೊಡ್ಡಣ್ಣ ಕಾವಲು ಕೂತಿದ್ದಾನೆ. ಗಾಜಿನವರೂ ಹೋಗಿ ಕಟ್ಟಿಬಿಟ್ಟರೆ ತಕ್ಕಡಿಯ ಮಾತು ಪೂರ್ತಿ ಸುಳ್ಳಾಗುತ್ತದೆ; ನಾಳೆ ಎಲ್ಲರೂ ಎಲ್ಲರ ಮುಖ ನೋಡಬೇಕಾಗುತ್ತದೆ. ಒಬ್ಬರು ಉಳಿಯಬೇಕು. ಕಟ್ಟಿದ್ದಕ್ಕಾಗಿ ಹೋದ ವರ್ಷ ಒಬ್ಬರು ಬೇಕಾಗಿದ್ದರು, ಈ ವರ್ಷ ಕಟ್ಟದೆ ಇರಲು ಒಬ್ಬರು ಬೇಕು, ಮತ್ತು ಆ ಒಬ್ಬರು ಇವರೇ ಆದರೆ ಬೀದಿಗೆ ಅನುಕೂಲ. ಅಯ್ಯೋ, ಏಳಬೇಕು, ಈಗಲೇ ಎದ್ದು ಕೂಗಿ ಹೇಳಬೇಕು ಎಂದುಕೊಂಡ. ಗಾಜಿನವರು ಕಥೆಯ ನಗೆಯ ಜಾಗಕ್ಕೆ ಬಂದಿದ್ದರು. ದೊಡ್ಡಣ್ಣ ನಕ್ಕ. ಅವನೂ ನಕ್ಕ. ಟೀ ಮಾರುವವನು ಎರಡನೇ ಸಲ ಲೋಟ ತುಂಬಿದ. ಅಷ್ಟರಲ್ಲಿ ಟೈಲರಕ್ಕನೂ ಬಂದು ಬಾಗಿಲಿಗೊರಗಿ ನಿಂತಳು. ಗಾಜಿನವರ ಜೇಬು ಉಬ್ಬಿಕೊಂಡೇ ಇತ್ತು. ಒಮ್ಮೆ ಅವರೇ ಅದರ ಮೇಲೆ ಕೈಯಿಟ್ಟು, "ಮಗಳು ನೋಡಿದ್ರೆ ಬೈತಾಳೆ, ಇನ್ನೂ ಇಲ್ಲೇ ಕೂತಿದೀನಿ ಅಂತ" ಎಂದು ಎಲ್ಲರ ಮುಖವನ್ನು ಸರದಿಯಂತೆ ನೋಡಿದರು. ಯಾರಾದರೂ ಒಬ್ಬರು ಏನಾದರೂ ಹೇಳಬಹುದೆಂದು ಅವರು ಒಳಗೆಲ್ಲೋ ಕಾಯುತ್ತಿದ್ದರೇನೋ. ಟೈಲರಕ್ಕ ಬ್ಲೌಸಿಗೆ ಅಂಟಿದ ದಾರ ಕಿತ್ತಳು. ದೊಡ್ಡಣ್ಣ "ಹೆಣ್ಣುಮಕ್ಕಳಿಗೆ ಭಯ ಜಾಸ್ತಿ" ಎಂದ. ಅವನು ಲೋಟದೊಳಗೆ ನೋಡಿದ. ಪಕ್ಕದ ಮನೆಯ ರೇಡಿಯೋದಲ್ಲಿ ಐದರ ಸುದ್ದಿ ಶುರುವಾಯಿತು. ಬೆಂಚಿನ ಮೇಲೆ ಎಲ್ಲರ ಉಸಿರೂ ಒಟ್ಟಿಗೆ ಸಡಿಲವಾದದ್ದು ಅವನಿಗೆ ಕೇಳಿಸಿತು. ತನ್ನದೂ ಅದರಲ್ಲಿತ್ತು.

ಗಾಡಿ ಬಂದಾಗ ಮೈಕು ಆಫ್ ಆಗಿತ್ತು. ಅದರ ಹಿಂದೆ ಒಂದು ಖಾಲಿ ಲಾರಿ. ಅಧಿಕಾರಿಯೊಬ್ಬ, ಕೆಲಸದವರು ಕೆಲವರು. ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಿಗೆ ಓಡಿ ನಿಂತರು, ಬೆದರಿದವರ ಮುಖ ಹಾಕಿಕೊಂಡು. ಅವನೂ ತನ್ನ ಬಾಗಿಲಿಗೆ ಹೋಗಿ ಎದೆಯ ಮೇಲೆ ಕೈಕಟ್ಟಿ ನಿಂತ. ಅಧಿಕಾರಿ ಕಬ್ಬಿಣದಂಗಡಿಯನ್ನು ನೋಡಲೇ ಇಲ್ಲ. ಟೈಲರಕ್ಕನನ್ನು ದಾಟಿದ. ಅವನ ಮುಂದೆಯೂ ಹಾದುಹೋದ, ಸುಗಂಧದೆಣ್ಣೆಯ ವಾಸನೆಯೊಂದನ್ನು ಬಿಟ್ಟು. ನೇರವಾಗಿ ಹೋಗಿ ಗಾಜಿನಂಗಡಿಯ ಮುಂದೆ ನಿಂತ. ಗಾಜಿನವರು ಇನ್ನೂ ನಗುತ್ತಿದ್ದರು. "ನನ್ನಿಂದಲೇ ಶುರುವಾ? ಆಗಲಿ, ಹಿರಿಯರಿಂದ ಶುರುವಾಗಲಿ" ಎಂದರು. "ಎಲ್ಲರದ್ದೂ ಮುಗಿಸೋ ಹೊತ್ತಿಗೆ ಕತ್ತಲಾಗತ್ತೆ ನಿಮಗೆ."

"ಎಲ್ಲರದ್ದು ಯಾಕೆ?" ಎಂದ ಅಧಿಕಾರಿ. ಕೆಟ್ಟ ಮನುಷ್ಯನಲ್ಲ, ಸುಸ್ತಾಗಿದ್ದ. "ಈ ಬೀದೀಲಿ ಬೇರೆ ಯಾರದ್ದೂ ಬಾಕಿ ಇಲ್ಲವಲ್ಲ."

ಗಾಜಿನವರು ತಿರುಗಿ ಬೀದಿಯನ್ನು ನೋಡಿದರು. ಒಂದೊಂದೇ ಬಾಗಿಲು. ಅವನ ಬಾಗಿಲಿಗೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಜೇಬಿಗೆ ಕೈ ಹಾಕಿ ನೋಟುಗಳನ್ನು ತೆಗೆದರು. "ಇಲ್ಲೇ ಇದೆ ಸ್ವಾಮಿ, ಪೂರ್ತಿ ಇದೆ, ತಗೊಂಡುಬಿಡಿ."

"ಕೌಂಟರ್ ಮುಚ್ಚಿತಲ್ಲ ಯಜಮಾನ್ರೇ. ನಾನು ಕೈಯಲ್ಲಿ ತಗೊಳ್ಳೋ ಹಾಗಿಲ್ಲ."

ಕನ್ನಡಿಗಳು ಹೊರಗೆ ಬಂದವು, ಒಂದೊಂದನ್ನು ಇಬ್ಬಿಬ್ಬರು ಹಿಡಿದು. ಪ್ರತಿ ಕನ್ನಡಿ ಲಾರಿಗೆ ಹೋಗುವ ದಾರಿಯಲ್ಲಿ ಬಾಗಿಲುಗಳ ಮುಂದೆ ಹಾಯುತ್ತಿತ್ತು, ಆಗೆಲ್ಲ ಜನ ಒಂದು ಹೆಜ್ಜೆ ಒಳಗೆ ಸರಿಯುತ್ತಿದ್ದರು. ಒಂದು ದೊಡ್ಡ ಗಾಜು ಲಾರಿಯ ಅಂಚಿಗೆ ತಗುಲಿ ಸಿಡಿಯಿತು. ಕೆಲಸದವನೊಬ್ಬ ಕೈ ಕೊಡವಿಕೊಂಡ. "ಹುಷಾರು, ಅಂಚು" ಎಂದರು ಗಾಜಿನವರು, ಅಭ್ಯಾಸಬಲದಿಂದ. ಬಾಗಿಲಿಗೆ ಬೀಗ ಬಿತ್ತು. ಅವರ ಕೀಲಿ, ತಕ್ಕಡಿಯಲ್ಲಿಟ್ಟಿದ್ದ ಆ ಕೀಲಿ, ಅವರ ಕೈಯಲ್ಲೇ ಉಳಿಯಿತು. ಲಾರಿ ಹೋಯಿತು. ಜನ ನಿಧಾನವಾಗಿ ಬಾಗಿಲು ಬಿಟ್ಟು ಬೀದಿಗಿಳಿದರು.

ಟೈಲರಕ್ಕ ಮೊದಲು ಹೇಳಿದಳು. "ಅಲ್ಲಾ, ದುಡ್ಡು ಜೇಬಲ್ಲೇ ಇತ್ತಂತೆ. ಕಟ್ಟೋಕೆ ಇವರಿಗೇನಾಗಿತ್ತು?"

"ಅದೇ ನೋಡಿ" ಎಂದ ದೊಡ್ಡಣ್ಣ. ಅವನ ದನಿಗೆ ಆಗಲೇ ಬಲ ಬಂದಿತ್ತು. "ಇವರೊಬ್ಬರಿಂದ ಬೀದಿಗೆ ಲಾರಿ ಬಂತು, ಮರ್ಯಾದೆ ಹೋಯ್ತು. ಎಲ್ಲರೂ ಕಟ್ಟಿರೋವಾಗ ಇವರದ್ದೇನು ಹಟ? ಏನಂತೀರಾ ಡಾಕ್ಟ್ರೇ?"

ಎಲ್ಲರೂ ಅವನತ್ತ ತಿರುಗಿದರು. ಗಾಜಿನವರೂ. ಹಿಂದೆ ಪರದೆಯ ಬಳಿ ಹೆಂಡತಿಯ ಬಳೆಯ ಸದ್ದಾಯಿತು. "ಹೌದು, ಕಟ್ಟಬೇಕಿತ್ತು" ಎಂದ.

ಗಾಜಿನವರು ನಡೆದು ಬಂದರು. ಜನ ದಾರಿ ಬಿಟ್ಟರು. ಹತ್ತಿರ ಬಂದು ಅಂಗೈ ಚಾಚಿ, "ನನ್ನ ಹಲ್ಲು" ಎಂದರು. ಆಗ ನೆನಪಾಯಿತು, ಇಷ್ಟು ಹೊತ್ತೂ ಡಬ್ಬಿ ಅವನ ಜೇಬಿನಲ್ಲೇ ಇತ್ತು. ಕೊಟ್ಟ. ಅವರು ಹತ್ತಿ ಬಿಡಿಸಿ, ಎಲ್ಲರೆದುರು, ಟವೆಲು ಅಡ್ಡ ಹಿಡಿಯದೆ, ಸೆಟ್ಟನ್ನು ಬಾಯಿಗಿಟ್ಟುಕೊಂಡರು. ದವಡೆ ಆಡಿಸಿದರು. ಒಮ್ಮೆ ಗಟ್ಟಿಯಾಗಿ ಕಚ್ಚಿದರು.

"ಈಗ ಒತ್ತಲ್ಲ" ಎಂದರು. ಮಾತು ಸ್ಪಷ್ಟವಾಗಿತ್ತು, ಬೀದಿಯ ಕೊನೆಯವರಿಗೂ ಕೇಳುವಷ್ಟು. "ಒಳ್ಳೆ ಕೆಲಸ ಮಾಡಿದೀರಿ. ಎಷ್ಟಾಯ್ತು?"

ಅವರ ಕೈಯಲ್ಲಿ ಆ ನೋಟುಗಳಿದ್ದವು. ಬೇಡ ಎನ್ನಬೇಕೆಂದು ಅವನು ಬಾಯಿ ತೆರೆದ. ಬೇಡ ಎಂದರೆ ಯಾಕೆ ಬೇಡ ಎಂದು ಬೀದಿ ಯೋಚಿಸುತ್ತದೆ. ದೊಡ್ಡಣ್ಣ ನೋಡುತ್ತಿದ್ದ, ಟೈಲರಕ್ಕ ನೋಡುತ್ತಿದ್ದಳು, ಟೀ ಮಾರುವವನು ಕೂಡ ಕೆಟಲು ಹಿಡಿದು ನಿಂತಿದ್ದ.

ಅವನು ದರ ಹೇಳಿದ. ಯಾವಾಗಲೂ ಹೇಳುವ ದರವನ್ನೇ ಹೇಳಿದ.

"ಬಾಕಿ ಇಟ್ಕೊಳ್ಳೋದು ಬೇಡ" ಎಂದು ಗಾಜಿನವರು ಒಂದು ನೋಟು ಎಳೆದು ಅವನ ಕೈಗಿಟ್ಟರು. ಅವನು ಜೇಬು ತಡಕಿ ಚಿಲ್ಲರೆ ತೆಗೆದು ವಾಪಸು ಕೊಟ್ಟ.